ಕೋಲು ಬಿಟ್ಟು ಓಡುವ ಪಾಠ

ಮೈದಾನದಲ್ಲಿ ಎಲ್ಲರೂ ಅವರನ್ನು ‘ಆಮೇಲೆ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಕೋಲೂರಿ ಎತ್ತರಕ್ಕೆ ಹಾರುವ ಪೋಲ್ ವಾಲ್ಟ್ ಕಲಿಯಲು ಬಂದ ಮಕ್ಕಳು ಮೂರನೆಯ ದಿನಕ್ಕೆ ಸುಸ್ತಾಗಿ, “ಸರ್, ಹಾರೋದು ಯಾವಾಗ?” ಎಂದು ಕೇಳುತ್ತಿದ್ದರು. ಮೇಷ್ಟ್ರು ತಲೆ ಎತ್ತದೆ, “ಆಮೇಲೆ” ಎನ್ನುತ್ತಿದ್ದರು. ಮೂರು ತಿಂಗಳು ಬಿಟ್ಟು ಕೇಳಿದರೂ ಅದೇ ಉತ್ತರ. ಒಬ್ಬಳಂತೂ ಒಂದು ವರ್ಷ ಕಾದು ಕಾದು, “ನನ್ನ ಮದುವೆ ಆದ್ಮೇಲಾ ಸರ್?” ಎಂದು ಕೇಳಿದ್ದಳಂತೆ. ಮೇಷ್ಟ್ರು ಮುಖದ ಒಂದು ಗೆರೆಯನ್ನೂ ಕದಲಿಸದೆ “ನೋಡೋಣ” ಎಂದರಂತೆ.

ಹಾಗೆಂದು ಅವರಿಗೆ ಕಲಿಸಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ನೆಲದ ಮೇಲೆ ನಿಂತು ಏನೇನು ಕಲಿಸಬಹುದೋ ಅಷ್ಟನ್ನೂ ಅವರು ಅರೆದು ಕುಡಿಸುತ್ತಿದ್ದರು. ಮೊದಲ ವಾರ ಬರೀ ಹಿಡಿತ. ಬಲಗೈ ಮೇಲೆ, ಎಡಗೈ ಕೆಳಗೆ, ನಡುವೆ ಒಂದು ಮೊಳಕ್ಕಿಂತ ತುಸು ಹೆಚ್ಚು. ಆಮೇಲೆ ಕೋಲನ್ನು ಸೊಂಟದ ಪಕ್ಕ ಹಿಡಿದು ನಡಿಗೆ. ನಡೆಯುತ್ತ ನಡೆಯುತ್ತ ಕೊನೆಯ ಮೂರು ಹೆಜ್ಜೆಯಲ್ಲಿ ಕೈ ಸೊಂಟದಿಂದ ಕಿವಿಗೆ, ಕಿವಿಯಿಂದ ನೆತ್ತಿಯ ಮೇಲಕ್ಕೆ ಬರಬೇಕು. ಹಾಗೆ ಬಂದಾಗ ಎಡಗಾಲು ಬಲಗೈಯ ನೇರ ಕೆಳಗೆ ಇರಬೇಕು. ಒಂದು ಗೇಣು ಮುಂದಿದ್ದರೂ ಮೇಷ್ಟ್ರು ಹಿಂದಕ್ಕೆ ಕೈ ತೋರಿಸುತ್ತಿದ್ದರು. ಮಕ್ಕಳು ಮೂತಿ ಉದ್ದ ಮಾಡಿಕೊಂಡು ಮತ್ತೆ ಮೊದಲಿನಿಂದ ನಡೆಯುತ್ತಿದ್ದರು.

ಗೋಡೆಯ ಬುಡಕ್ಕೆ ಕೋಲಿನ ತುದಿ ಒತ್ತಿ ಎದೆ ಮುಂದೆ ಚಾಚಿ ನಿಲ್ಲುವುದು ಒಂದು ಪಾಠ. ಹುಲ್ಲಿನ ಮೇಲೆ ಹಳೆಯ ಟವೆಲ್ ಹಾಸಿ, ಅದರ ಮೇಲೆ ತುದಿ ಊರಿ, ಟವೆಲ್ ಸಮೇತ ಜಾರುತ್ತ ಓಡುವುದು ಇನ್ನೊಂದು. ಮೇಲೆ ಕಟ್ಟಿದ ಕಬ್ಬಿಣದ ಕಂಬಿಗೆ ಜೋತುಬಿದ್ದು, ಕಾಲು ನೀಳವಾಗಿ ಚಾಚಿ, ತೂಗಿ ತೂಗಿ ಹಿಮ್ಮಡಿಯನ್ನು ಕಂಬಿಗೆ ತಾಗಿಸುವುದು ಮತ್ತೊಂದು. ಕೊನೆಗೆ ಉದ್ದ ಜಿಗಿತದ ಮರಳುಗುಂಡಿಯಲ್ಲಿ ಗಿಡ್ಡ ಕೋಲು ಹಿಡಿದು, ನಾಲ್ಕು ಹೆಜ್ಜೆ ಓಡಿ, ನೆಲದಿಂದ ಮೊಣಕಾಲೆತ್ತರ ಎದ್ದು ಆಚೆ ಇಳಿಯುವುದು. ಅಷ್ಟಾದರೆ ಮೇಷ್ಟ್ರ ಪಾಠ ಮುಗಿಯಿತು. ಮುಂದಿನದಕ್ಕೆ ಅವರು ದೊಡ್ಡ ಕ್ರೀಡಾಂಗಣದಲ್ಲಿ ಕೋಚ್ ಆಗಿದ್ದ ತಮ್ಮ ಹಳೆಯ ಗೆಳೆಯನಿಗೆ ಫೋನು ಮಾಡುತ್ತಿದ್ದರು. “ಒಬ್ಬನನ್ನ ಕಳಿಸ್ತೀನಿ, ನೋಡ್ಕೋ.” ಮಗು ಗಂಟುಮೂಟೆ ಕಟ್ಟಿಕೊಂಡು ಆ ಊರಿಗೆ ಹೋಗುತ್ತಿತ್ತು, ಎರಡು ತಿಂಗಳಲ್ಲಿ ಎತ್ತರದಲ್ಲಿ ಅಡ್ಡ ಇಟ್ಟ ಬಾರ್ ದಾಟುತ್ತಿತ್ತು. ಹನ್ನೊಂದು ವರ್ಷದಲ್ಲಿ ಹೀಗೆ ಇಪ್ಪತ್ತೆರಡು ಮಕ್ಕಳು ಹೋಗಿದ್ದರು. ಅವರಲ್ಲಿ ಒಬ್ಬರು ಎತ್ತರಕ್ಕೆ ಹಾರುವುದನ್ನೂ ಮೇಷ್ಟ್ರು ಕಣ್ಣಾರೆ ಕಂಡಿರಲಿಲ್ಲ. ಕಾಣಬೇಕೆಂದು ಅವರಿಗೆ ಅನಿಸಲೂ ಇಲ್ಲ.

ಅವರ ಪಾಠಗಳಲ್ಲೆಲ್ಲ ಬೇರೆ ಯಾರೂ ಕಲಿಸದ ಒಂದಿತ್ತು. ಅದಕ್ಕೆ ಮಕ್ಕಳು ‘ಬಿಡು’ ಪಾಠ ಎನ್ನುತ್ತಿದ್ದರು. ಓಟದ ಪಟ್ಟಿಯ ಕೊನೆಯಲ್ಲಿ ನೆಲದಲ್ಲಿ ಹುದುಗಿಸಿದ ಇಳಿಜಾರು ತೊಟ್ಟಿ ಇರುತ್ತದೆ, ಬಾಕ್ಸ್ ಎನ್ನುತ್ತಾರೆ. ಕೋಲಿನ ತುದಿ ಹೋಗಿ ಅದರಲ್ಲಿ ಕೂರಬೇಕು. ಅದರ ಹಿಂದೆ ಬೀಳಲು ದಪ್ಪ ಮ್ಯಾಟು. ಓಡಿ ಬರುವಾಗ ಹೆಜ್ಜೆ ತಪ್ಪಿದರೆ ಬಾಕ್ಸಿನ ಮುಂದೆ ಗಕ್ಕನೆ ನಿಲ್ಲಬಾರದು, ಕಾಲು ಉಳುಕುತ್ತದೆ. ಕೋಲನ್ನು ಬಿಟ್ಟು, ಓಡಿದ ವೇಗದಲ್ಲೇ ಹೋಗಿ ಮ್ಯಾಟಿನ ಮೇಲೆ ಬೀಳಬೇಕು. ಇಷ್ಟನ್ನು ಎಲ್ಲ ಕೋಚುಗಳೂ ಒಮ್ಮೆ ಹೇಳಿ ಬಿಡುತ್ತಾರೆ. ಮೇಷ್ಟ್ರು ಹೇಳಿ ಬಿಡುವವರಲ್ಲ. ಅವರು ಪಟ್ಟಿಯ ಪಕ್ಕ ನಿಂತು, ಮಗು ಓಡಿ ಬರುವಾಗ ಯಾವ ಗಳಿಗೆಯಲ್ಲಾದರೂ ಪಟ್ಟನೆ ಒಂದು ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಕೇಳಿದೊಡನೆ ಕೈ ತೆರೆಯಬೇಕು, ಕೋಲು ಬೀಳಬೇಕು, ಕಾಲು ಓಡುತ್ತಲೇ ಇರಬೇಕು. ಯೋಚಿಸಿ ಬಿಟ್ಟರೆ ಮತ್ತೆ ಹತ್ತು ಸಲ. ಯೋಚಿಸದೆ ಬಿಡುವುದನ್ನು ಕಲಿತವರಿಗೆ ಮಾತ್ರ ಮೇಷ್ಟ್ರು ತಲೆಯಾಡಿಸುತ್ತಿದ್ದರು. ಅವರಿಂದ ಸಿಗುವ ದೊಡ್ಡ ಬಹುಮಾನ ಆ ತಲೆಯಾಡಿಸುವಿಕೆ.

ಈ ಪಾಠ ಎಲ್ಲಿಂದ ಬಂತು ಎನ್ನುವುದು ಮೈದಾನದ ಹಳಬರಿಗೆಲ್ಲ ಗೊತ್ತಿತ್ತು. ಆದರೆ ಅವರೆದುರು ಯಾರೂ ಅದರ ಸೊಲ್ಲೆತ್ತುತ್ತಿರಲಿಲ್ಲ.

ಮೇಷ್ಟ್ರಿಗೊಬ್ಬ ತಮ್ಮ. ಏಳು ವರ್ಷ ಚಿಕ್ಕವನು, ಎತ್ತರದಲ್ಲಿ ಅಣ್ಣನಿಗಿಂತ ಒಂದು ಗೇಣು ಹೆಚ್ಚು, ಮಾತಿನಲ್ಲಿ ಹತ್ತು ಗೇಣು ಹೆಚ್ಚು. ಅವನೇ ಮೇಷ್ಟ್ರ ಮೊದಲ ಶಿಷ್ಯ. ಹನ್ನೊಂದು ವರ್ಷದ ಹಿಂದೆ ಒಂದು ಪಂದ್ಯದಲ್ಲಿ, ಕೊನೆಯ ಎತ್ತರದ ಕೊನೆಯ ಅವಕಾಶ ಅವನದಾಗಿತ್ತು. ಹನ್ನೆರಡು ಹೆಜ್ಜೆಯ ಓಟ. ನಡುವೆ, ನೆಲ ಬಿಡಲು ಇನ್ನು ನಾಲ್ಕು ಹೆಜ್ಜೆ ಉಳಿದಾಗ ಎಡಗಾಲು ಎಲ್ಲಿ ಬೀಳಬೇಕೋ ಅಲ್ಲಿ ಮೇಷ್ಟ್ರು ಸುಣ್ಣದ ಗುರುತು ಹಾಕಿದ್ದರು. ಗುರುತಿನ ನೇರಕ್ಕೆ ನಿಂತು ನೋಡುವುದು ಅವರ ಕೆಲಸ. ತಮ್ಮನ ಕಾಲು ಗುರುತಿನಿಂದ ಪೂರಾ ಒಂದು ಅಡಿ ಮುಂದೆ ಬಿತ್ತು. ಮೇಷ್ಟ್ರು ಕಂಡರು. ‘ಬಿಡು’ ಎನ್ನಲು ಬಾಯಿ ತೆರೆದರು. ಆದರೆ ಕೊನೆಯ ಅವಕಾಶವಲ್ಲವೇ, ಹೇಗೋ ಸರಿಮಾಡಿಕೊಂಡಾನು ಎಂಬ ಆಸೆ ಅಡ್ಡ ಬಂತು. ತಮ್ಮ ಸರಿಮಾಡಿಕೊಳ್ಳಲಿಲ್ಲ. ಬಾಕ್ಸಿಗೆ ತೀರ ಹತ್ತಿರ ಬಂದು ಎದ್ದ. ಕೋಲು ಅವನನ್ನು ಮ್ಯಾಟಿನ ಕಡೆಗೆ ಒಯ್ಯದೆ ಬಂದ ದಾರಿಗೇ ಎಸೆಯಿತು. ಕೆಳಗೆ ಬಿದ್ದದ್ದು ಬಾಕ್ಸಿನ ಅಂಚಿನ ಮೇಲೆ, ಬಲಗಾಲಿನ ಹಿಮ್ಮಡಿ ಊರಿ. ಆ ಮೂಳೆಯನ್ನು ವೈದ್ಯರು ಆರು ತಿಂಗಳು ಜೋಡಿಸಿದರು.

ಆ ದಿನ ಮೇಷ್ಟ್ರು ಆಸ್ಪತ್ರೆಯಿಂದ ಮನೆಗೆ ಬಂದು, ಕೈಕಾಲು ತೊಳೆದು, ಹೆಂಡತಿ ಬಡಿಸಿದ್ದನ್ನು ಪೂರ್ತಿ ಉಂಡರು. ಎರಡನೆಯ ಸಲ ಹಾಕಿಸಿಕೊಂಡರು ಕೂಡ. “ಗಟ್ಟಿ ಗುಂಡಿಗೆ” ಎಂದರು ನೆಂಟರು. ಗುಂಡಿಗೆ ಗಟ್ಟಿಯೂ ಇಲ್ಲ, ಏನೂ ಇಲ್ಲ. ಒಂದೇ ಮಗ್ಗುಲಿಗೆ ಬಹಳ ಹೊತ್ತು ಮಲಗಿದ ಕೈಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆಯವರ ಕೈಯನ್ನು ಚಿವುಟಿದಂತೆ ಇರುತ್ತದಲ್ಲ, ಹಾಗಾಗಿತ್ತು. ಕೈಯ ಜೋಮು ಐದು ನಿಮಿಷಕ್ಕೆ ಬಿಡುತ್ತದೆ. ಇವರದು ಬಿಡಲೇ ಇಲ್ಲ. ಬೆಳಿಗ್ಗೆ ಎದ್ದರು, ಮೈದಾನಕ್ಕೆ ಹೋದರು, ಬಂದರು, ಉಂಡರು. ಚಹಾಕ್ಕೆ ಸಕ್ಕರೆ ಮರೆತರೂ ಕುಡಿದರು, ಎರಡು ಸಲ ಹಾಕಿದರೂ ಕುಡಿದರು.

ಹೆಂಡತಿ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವವಳು. ಯಾವ ಕಾಗದ ಯಾವ ಗೂಡಿಗೆ ಹೋಗಬೇಕೆಂದು ಕಣ್ಣು ಮುಚ್ಚಿ ಹೇಳಬಲ್ಲವಳು, ಗಂಡನನ್ನು ಯಾವ ಗೂಡಿಗೆ ಹಾಕಬೇಕೆಂದು ತಿಳಿಯದೆ ಸೋತಿದ್ದಳು. ಮೊದಮೊದಲು ಅತ್ತಳು, ನಡುವೆ ಜಗಳವಾಡಿದಳು, ಈಗ ತಮಾಷೆಗೆ ಇಳಿದಿದ್ದಳು.

“ರೀ, ಇವತ್ತು ನನ್ನ ಸೀರೆ ಬಣ್ಣ ಯಾವ್ದು ಹೇಳಿ, ನೋಡೋಣ. ತಿರುಗಬಾರದು.”

“ಚೆನ್ನಾಗಿದೆ.”

“ಬಣ್ಣ ಕೇಳಿದ್ದು ರೀ!”

ಮೇಷ್ಟ್ರು ಯೋಚಿಸುತ್ತಿದ್ದರು. ನಿಜವಾಗಿಯೂ ಯೋಚಿಸುತ್ತಿದ್ದರು, ಪಾಪ. ಅವಳು ನಕ್ಕು, ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಇಷ್ಟೆಲ್ಲ ಆಗಿ, ಬಿದ್ದ ತಮ್ಮ ಮಾತ್ರ ಎದ್ದು ಕೂತು ಸಂಸಾರ ನಡೆಸುತ್ತಿದ್ದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಕೂತು ಮಾಡುವ ಕೆಲಸ, ಕುಂಟುವ ಕಾಲಿಗೆ ಹೇಳಿ ಮಾಡಿಸಿದ್ದು. ಗಾಜು ಅರೆಯುತ್ತ, ಚೌಕಟ್ಟಿನ ಕಿವಿ ಬಗ್ಗಿಸುತ್ತ, ಬಂದವರ ಮೂಗಿನ ಮೇಲೆ ಜೋಕು ಹಾರಿಸುತ್ತ ದಿನ ಕಳೆಯುತ್ತಿದ್ದ. ಅಣ್ಣನ ಮೇಲೆ ಅವನಿಗೆ ಸಿಟ್ಟಿತ್ತೇ ಎಂದು ಕೇಳಿದರೆ, ಇತ್ತು, ಆದರೆ ಕಾಲಿನ ವಿಷಯಕ್ಕಲ್ಲ.

ಸಿಟ್ಟು ಮಗಳ ವಿಷಯಕ್ಕೆ. ಅವನ ಮಗಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು, ಹೆತ್ತ ತಾಯಿಯೂ ಸೇರಿ. ಹದಿನೇಳು ವರ್ಷ, ಕೈಕಾಲು ಮಾರುದ್ದ, ಅಪ್ಪನದೇ ನಾಲಿಗೆ. ಹದಿಮೂರನೆಯ ವಯಸ್ಸಿಗೆ ತಾನಾಗಿ ಬಂದು ದೊಡ್ಡಪ್ಪನ ಮುಂದೆ ನಿಂತು “ನಂಗೂ ಕಲ್ಸಿ” ಎಂದಿದ್ದಳು. ಮೇಷ್ಟ್ರು ಕಲಿಸಿದರು. ಆರು ತಿಂಗಳಲ್ಲಿ ಎಲ್ಲ ಪಾಠ ಮುಗಿಸಿದಳು. ಬೇರೆ ಮಗುವಾಗಿದ್ದರೆ ಆಗಲೇ ಗೆಳೆಯನಿಗೆ ಫೋನು ಹೋಗಬೇಕಿತ್ತು. ಇವಳ ವಿಷಯದಲ್ಲಿ ಹೋಗಲಿಲ್ಲ. “ಇನ್ನೂ ಒಂದಾರು ವಾರ” ಎಂದರು ಮೇಷ್ಟ್ರು. ಆ ಆರು ವಾರ ಹಿಗ್ಗಿ ಹಿಗ್ಗಿ ನಾಲ್ಕು ವರ್ಷವಾಯಿತು. ತೀರ ಕಾಡಿದ ದಿನ ಬಾರಿನ ಬದಲು ರಬ್ಬರ್ ದಾರ ಕಟ್ಟಿ, ಆರೇ ಹೆಜ್ಜೆಯ ಓಟದಲ್ಲಿ ಒಂದೆರಡು ಸಲ ಎದ್ದೇಳಲು ಬಿಡುತ್ತಿದ್ದರು. ಅಷ್ಟರಲ್ಲೇ ಅವಳು ಎರಡು ಮೀಟರ್ ಎಪ್ಪತ್ತರ ದಾರವನ್ನು ಸೊಂಟವೂ ತಾಗದಂತೆ ದಾಟಿದ್ದಳು. ಮೇಷ್ಟ್ರು ಆಗ ಬಾಕ್ಸನ್ನೇ ನೋಡುತ್ತ ನಿಂತಿದ್ದರು. “ಸಾಕು ಇವತ್ತಿಗೆ” ಎಂದರು. ಉಳಿದಂತೆ ದಿನಕ್ಕೆ ಹತ್ತು ಓಟ, ಹತ್ತರಲ್ಲಿ ಒಂಬತ್ತಕ್ಕೆ ಚಪ್ಪಾಳೆ.

ಹೀಗಿರುವಾಗ ಸರಕಾರಿ ತರಬೇತಿ ಕೇಂದ್ರದವರ ಆಯ್ಕೆಯ ಪ್ರಕಟಣೆ ಬಂತು. ಹದಿನೆಂಟು ತುಂಬದ ಹುಡುಗಿಯರಿಗೆ, ಎರಡು ಮೀಟರ್ ಎಂಬತ್ತು. ಒಂದೇ ಎತ್ತರ, ಮೂರು ಅವಕಾಶ. ದಾಟಿದವರಿಗೆ ಅಲ್ಲೇ ವಾಸ, ಅಲ್ಲೇ ಓದು, ಅಲ್ಲೇ ತರಬೇತಿ. ಕಡ್ಡಿಗೆ ಹದಿನೆಂಟು ತುಂಬಲು ಎರಡು ತಿಂಗಳಿತ್ತು. ಈ ಸಲ ಆಗದಿದ್ದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಕಡ್ಡಿಯ ಅಪ್ಪ ಅಣ್ಣನನ್ನು ಅಂಗಡಿಗೆ ಕರೆಸಿದ. ಎದುರಿನ ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಪರೀಕ್ಷಿಸುವವನಂತೆ ದಿಟ್ಟಿಸಿದ.

“ಅಣ್ಣಾ, ಇನ್ನು ಹದಿನೈದು ದಿನ ಇದೆ. ಕಡ್ಡೀನ ನಿನ್ನ ಗೆಳೆಯನ ಹತ್ರ ಕಳಿಸ್ತೀಯೋ, ಇಲ್ಲ ನೀನೇ ಹಾರಿಸ್ತೀಯೋ?”

“ನಾನೇ ನೋಡ್ಕೋತೀನಿ.”

“ನೋಡ್ಕೊಳ್ಳೋದಲ್ಲ ಕಣಣ್ಣ. ನಾಲ್ಕು ವರ್ಷದಿಂದ ನೋಡ್ಕೊಂಡೇ ಇದೀಯ. ಹಾರಿಸ್ತೀಯಾ ಅಂತ ಕೇಳಿದ್ದು.”

ಮೇಷ್ಟ್ರು ಗೋಡೆಯ ಮೇಲಿನ ಅಕ್ಷರದ ಪಟ್ಟಿ ನೋಡುತ್ತ ಕೂತರು. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಣ್ಣದರವರೆಗೂ ಮನಸ್ಸಿನಲ್ಲೇ ಓದಿ ಮುಗಿಸಿದರು.

“ಅವತ್ತು ಬಿದ್ದಿದ್ದು ನಾನು,” ಎಂದ ತಮ್ಮ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ನಾನು ಎದ್ದು ಹನ್ನೊಂದು ವರ್ಷ ಆಯ್ತು. ನೀನು ಇನ್ನೂ ಅಲ್ಲೇ ನಿಂತಿದೀಯ. ನನ್ನ ಮಗಳನ್ನೂ ಅಲ್ಲೇ ನಿಲ್ಲಿಸ್ಕೊಂಡಿದೀಯ. ಅವಳು ಬಿದ್ರೆ ಬೀಳ್ಲಿ ಅಣ್ಣಾ. ನಾನು ಅಪ್ಪ, ನಾನೇ ಹೇಳ್ತಿದೀನಿ.”

“ಆಯ್ತು” ಎಂದರು ಮೇಷ್ಟ್ರು. ತಮ್ಮನ ಮಾತು ಕಿವಿಗೆ ಬಿದ್ದಿತ್ತು. ಸರಿ ಎಂದೂ ತೋರಿತ್ತು. ಆದರೆ ಒಳಗೆ ಎಲ್ಲಿಗೂ ತಲುಪಲಿಲ್ಲ. ಬರುವಾಗ ದಾರಿಯಲ್ಲಿ ಸೋಪು ಕೊಂಡು ತಂದರು, ಮನೆಯಲ್ಲಿ ಆಗಲೇ ಎರಡಿತ್ತು.

ಆ ಹದಿನೈದು ದಿನ ಮೇಷ್ಟ್ರು ಕೊಟ್ಟ ಮಾತು ಉಳಿಸಿಕೊಂಡರು, ಅವರದೇ ರೀತಿಯಲ್ಲಿ. ಹನ್ನೆರಡು ಹೆಜ್ಜೆಯ ಓಟ ಕೊಟ್ಟರು, ನಿಜವಾದ ಬಾರ್ ಇಟ್ಟರು. ಎಡಗಾಲಿನ ಹೆಜ್ಜೆ ಮಾತ್ರ ಎಣಿಸುವುದು ಅವರ ಪದ್ಧತಿ, ಅದೂ ಆರರಿಂದ ಒಂದಕ್ಕೆ ಇಳಿಸುತ್ತ. ಆರು, ಐದು, ನಾಲ್ಕು ಎನ್ನುವವರೆಗೆ ಸುಮ್ಮನೆ ಓಟ, ಮೂರಕ್ಕೆ ಸುಣ್ಣದ ಗುರುತು, ಎರಡಕ್ಕೆ ಕೈ ಮೇಲೆ, ಒಂದಕ್ಕೆ ನೆಲ ಬಿಡಬೇಕು. ಕಡ್ಡಿ ಎಣಿಸುತ್ತ ಬರುತ್ತಿದ್ದಳು. ಅವಳ ಕಾಲು ಗುರುತಿನ ಮೇಲೆ ಅಚ್ಚು ಒತ್ತಿದಂತೆ ಬೀಳುತ್ತಿತ್ತು. ಮೇಷ್ಟ್ರು ಅದನ್ನು ಕಾಣುತ್ತಿದ್ದರು, ಸರಿಯಾಗಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು, ಅಷ್ಟರಲ್ಲಿ ಎರಡು ಕೈ ತಾವಾಗಿ ಎದ್ದು ಪಟ್ಟೆಂದು ಕೂಡುತ್ತಿದ್ದವು.

“ದೊಡ್ಡಪ್ಪ! ಈ ಸಲ ಏನು ತಪ್ಪಾಗಿತ್ತು?” ಮ್ಯಾಟಿನ ಮೇಲೆ ಅಂಗಾತ ಬಿದ್ದುಕೊಂಡೇ ಕಡ್ಡಿ ಕೂಗುತ್ತಿದ್ದಳು.

“ಕೈ ಸ್ವಲ್ಪ ತಡ.”

ಕೈ ತಡವಾಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಕಡ್ಡಿ ಎದ್ದು, ಕೋಲು ಎತ್ತಿಕೊಂಡು, ತುಟಿಪಿಟಕ್ಕೆನ್ನದೆ ಓಟದ ತುದಿಗೆ ನಡೆಯುತ್ತಿದ್ದಳು. ಅಪ್ಪನ ನಾಲಿಗೆಯ ಹುಡುಗಿ ಹಾಗೆ ಬಾಯಿ ಮುಚ್ಚಿಕೊಂಡು ನಡೆಯುವುದು ಒಳ್ಳೆಯ ಲಕ್ಷಣವಲ್ಲ. ಮೇಷ್ಟ್ರ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಅದನ್ನು ಗಮನಿಸುತ್ತಿದ್ದರು. ಹದಿನೈದು ದಿನದಲ್ಲಿ ಅವಳು ಬಾರ್ ದಾಟಿದ್ದು ಮೂರೇ ಸಲ. ಮೂರೂ ಸಲ ಮೇಷ್ಟ್ರಿಗೆ ಸೀನೋ ಕೆಮ್ಮೋ ಬಂದು ಕೈ ಬಾಯಿಯ ಮೇಲಿತ್ತು.

ಆಯ್ಕೆಯ ದಿನ ಬಿಸಿಲು ಹದವಾಗಿತ್ತು, ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ದೂರಲು ಒಂದು ನೆಪವೂ ಇರಲಿಲ್ಲ. ತರಬೇತಿ ಕೇಂದ್ರದ ಕ್ರೀಡಾಂಗಣದ ಮೆಟ್ಟಿಲಿನ ಮೇಲೆ ಐವತ್ತು ಅರವತ್ತು ಜನ ಇದ್ದರು. ಕಡ್ಡಿಯ ಅಪ್ಪ ಅಂಗಡಿಗೆ ಬಾಗಿಲು ಹಾಕಿ ಬಂದು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಮೇಷ್ಟ್ರ ಹೆಂಡತಿ, ಅರ್ಧ ದಿನದ ರಜೆ ಹಾಕಿ ಬಂದವಳು. ಕೋಚುಗಳು ನಿಲ್ಲಲು ಓಟದ ಪಟ್ಟಿಯ ಎಡ ಪಕ್ಕ, ಬಾಕ್ಸಿನ ನೇರಕ್ಕೆ ಐದಾರು ಮಾರು ದೂರದಲ್ಲಿ ಹಗ್ಗ ಕಟ್ಟಿದ್ದರು. ಮೇಷ್ಟ್ರು ಹಗ್ಗ ಹಿಡಿದು ನಿಂತರು. ಎರಡು ಕೈಯಲ್ಲೂ ಹಗ್ಗ ಹಿಡಿದಿದ್ದರು. ಇವತ್ತು ಕೈ ಕೂಡಬಾರದು ಎಂಬುದಷ್ಟೇ ಅವರು ತಮಗೆ ಹೇಳಿಕೊಂಡಿದ್ದು.

ಕಡ್ಡಿಯ ಸರದಿ ಬಂತು. ಓಟದ ತುದಿಯಲ್ಲಿ ಕೋಲು ಎತ್ತಿದಳು. ಹೊರಟಳು. ಆರು, ಐದು, ನಾಲ್ಕು. ಓಟ ಚೆನ್ನಾಗಿತ್ತು, ಎಷ್ಟು ಚೆನ್ನಾಗಿತ್ತೆಂದರೆ ಮುಂದಿನ ಸಾಲಿನಲ್ಲಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. “ಹಾಂ, ಬಾ ಮಗಳೇ!” ಎಂದು ಜೋರಾಗಿ ಚಪ್ಪಾಳೆ ತಟ್ಟಿದ.

ಕಡ್ಡಿಯ ಕೈ ತೆರೆಯಿತು. ಕೋಲು ಬಿತ್ತು. ಕಾಲು ಓಡುತ್ತಲೇ ಹೋಗಿ ಅವಳನ್ನು ಮ್ಯಾಟಿನ ಮೇಲೆ ಕೆಡವಿತು. ನಾಲ್ಕು ವರ್ಷದ ಪಾಠ, ಒಂದಿಷ್ಟೂ ತಪ್ಪಿಲ್ಲದೆ. ಅಧಿಕಾರಿ ಕೆಂಪು ಬಾವುಟ ಎತ್ತಿದ. ಓಡಿ ಮ್ಯಾಟಿಗೆ ಬಿದ್ದರೆ ಅದೂ ಒಂದು ಅವಕಾಶ ಕಳೆದಂತೆಯೇ, ನಿಯಮ ಹಾಗಿದೆ. ಚಪ್ಪಾಳೆಗೆ ಕೋಲು ಬಿಡುವುದನ್ನು ಕಲಿಸಿದವರಿಗೆ, ಪಂದ್ಯಕ್ಕೆ ಬಂದ ಜನ ಚಪ್ಪಾಳೆ ತಟ್ಟುತ್ತಾರೆ ಎಂಬುದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಮೆಟ್ಟಿಲಿನ ಮೇಲೆ ತಮ್ಮ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಆಮೇಲೆ ಕುಂಟುತ್ತ ಸಾಲು ಸಾಲಿಗೂ ಹೋಗಿ, “ದಯವಿಟ್ಟು ಯಾರೂ ಚಪ್ಪಾಳೆ ಹೊಡೀಬೇಡಿ, ನಮ್ಮ ಹುಡುಗಿಗೆ ಆಗಲ್ಲ” ಎಂದು ಕೈ ಮುಗಿದು ಬಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ಸುಮ್ಮನಾದರು.

ಎರಡನೆಯ ಓಟ. ಮೈದಾನ ಗಪ್‌ಚುಪ್. ಕಡ್ಡಿಯ ಬೂಟಿನ ಸದ್ದು ಮಾತ್ರ ಕೇಳುತ್ತಿತ್ತು. ಆದರೆ ಅವಳ ಕಿವಿ ಚಪ್ಪಾಳೆಗೆ ಕಾಯುತ್ತಿತ್ತು. ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾಯುವ ಮೈ ಮುಂದಕ್ಕೆ ಹೋಗುವುದಾದರೂ ಹೇಗೆ? ಎರಡು ಎನ್ನುವಾಗ ಏಳಬೇಕಾದ ಕೈ ಒಂದಕ್ಕೆ ಎದ್ದಿತು. ಈ ಸಲ ನಿಜವಾಗಿಯೂ ತಡವಾಗಿತ್ತು. ಅವಳೇ ಬಿಟ್ಟಳು. ಮತ್ತೆ ಕೆಂಪು ಬಾವುಟ.

ಮೂರನೆಯದಕ್ಕೆ ಮುಂಚೆ ಅವಳು ಹಗ್ಗದ ಹತ್ತಿರ ಬಂದಳು. ಹಣೆಯ ಬೆವರು ತೋಳಿಗೆ ಒರೆಸಿಕೊಂಡು ಕೇಳಿದಳು: “ದೊಡ್ಡಪ್ಪ, ಏನಾದ್ರೂ ಹೇಳಿ.”

ಮೇಷ್ಟ್ರ ಬಳಿ ಹೇಳಲು ಎಷ್ಟೋ ಇತ್ತು. ಹಿಡಿತ, ಕಿವಿಯ ಪಕ್ಕದ ಕೈ, ಬಲ ಮೊಣಕಾಲು. ಹೇಳಬೇಕಾಗಿದ್ದದ್ದು ‘ಹಾರು’ ಎಂಬ ಒಂದೇ ಮಾತು. ಅದು ಬಾಯಿಗೆ ಬರಲಿಲ್ಲ.

“ಗುರುತು ನೋಡ್ಕೋ” ಎಂದರು.

ಕಡ್ಡಿ ತಲೆಯಾಡಿಸಿ ಹೋದಳು.

ಆ ಮೂರನೆಯ ಓಟದಂಥ ಓಟವನ್ನು ಮೇಷ್ಟ್ರು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ. ಹೆಗಲು ಅಲುಗಲಿಲ್ಲ. ಕೋಲಿನ ತುದಿ ಸಮನಾಗಿ ಇಳಿಯುತ್ತ ಬಂತು. ಮೂರಕ್ಕೆ ಎಡಗಾಲು ಸುಣ್ಣದ ಗೆರೆಯ ಮೇಲೆ ಬಿತ್ತು, ಒಂದು ಬೆರಳಿನ ಅಗಲವೂ ಆಚೀಚೆ ಇಲ್ಲ. ಎರಡಕ್ಕೆ ಕೈ ನೆತ್ತಿಗೆ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಪ್ಪು ಎನ್ನುವುದು ಹುಡುಕಿದರೂ ಇರಲಿಲ್ಲ. ಒಂದು ಎನ್ನುವಲ್ಲಿ ಅವಳ ಮುಖ ಚೂರು ಎಡಕ್ಕೆ ತಿರುಗಿತು. ಕೋಲು ಕೈಯಿಂದ ಜಾರಿ ಪಕ್ಕಕ್ಕೆ ಉರುಳಿತು. ಕಡ್ಡಿ ಓಡಿ ಹೋಗಿ ಮ್ಯಾಟಿನ ಮೇಲೆ ಮುಖ ಕೆಳಗಾಗಿ ಬಿದ್ದಳು. ಬಹಳ ಹೊತ್ತು ಹಾಗೇ ಇದ್ದಳು.

ಮೂರನೆಯ ಕೆಂಪು ಬಾವುಟ ಎದ್ದಾಗ ಮೇಷ್ಟ್ರ ಎದೆಯೊಳಗೆ ಏನೋ ಸಡಿಲವಾಯಿತು. ಬಿಗಿಹಿಡಿದ ಉಸಿರು ಹೊರಗೆ ಬಂತು. ಹಗ್ಗ ಹಿಡಿದ ಬೆರಳು ಸಡಿಲಾದವು. ಇದೇನೆಂದು ಅವರಿಗೆ ಮೊದಲು ತಿಳಿಯಲಿಲ್ಲ, ಅಭ್ಯಾಸ ತಪ್ಪಿ ಹೋಗಿತ್ತು. ಆಮೇಲೆ ತಿಳಿಯಿತು. ಸಂತೋಷ. ಹುಡುಗಿ ಹಾರಲಿಲ್ಲ, ಹುಡುಗಿ ನೆಲದ ಮೇಲೇ ಇದ್ದಾಳೆ ಎಂದು ಅವರಿಗೆ ಸಂತೋಷವಾಗಿತ್ತು. ಅವಳು ಅಲ್ಲಿ ಮುಖ ಮುಚ್ಚಿಕೊಂಡು ಬಿದ್ದಿದ್ದಾಗ ಇವರು ಇಲ್ಲಿ ನಿಂತು ನೆಮ್ಮದಿಪಡುತ್ತಿದ್ದರು. ಅದನ್ನು ಅರಿತ ಮೇಲೆ ಮೇಷ್ಟ್ರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಗ್ಗದ ಕೆಳಗೆ ನುಸುಳಿ ಹೊರಗೆ ಬಂದರು.

ಕ್ರೀಡಾಂಗಣದ ಹಿಂದೆ ಬಟ್ಟೆ ಬದಲಿಸುವ ಕೋಣೆಗಳ ಮುಂದೆ ಉದ್ದನೆಯ ಸಿಮೆಂಟಿನ ಕಟ್ಟೆ. ಕಡ್ಡಿ ಬೂಟು ಬಿಚ್ಚಿ, ಬರಿಗಾಲಲ್ಲಿ ಅಲ್ಲಿ ಕೂತಿದ್ದಳು. ಅವಳಪ್ಪ ಸ್ವಲ್ಪ ದೂರದಲ್ಲಿ ಕೋಲಿಗೆ ಬಟ್ಟೆ ಸುತ್ತುತ್ತಿದ್ದ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಮೇಷ್ಟ್ರು ಹೋಗಿ ಅವಳ ಪಕ್ಕ ಕೂತರು.

“ಮೂರನೇದು ಸರಿಯಾಗಿತ್ತಲ್ವಾ?” ಎಂದಳು ಕಡ್ಡಿ. ಅತ್ತು ಮುಗಿಸಿದ ದನಿ.

“ಸರಿಯಾಗಿತ್ತು.”

“ಗುರುತು?”

“ಗುರುತಿನ ಮೇಲೇ ಬಿತ್ತು.”

“ನಂಗೂ ಗೊತ್ತಾಯ್ತು. ಹಾರ್ತೀನಿ ಅಂತಾನೇ ಇದ್ದೆ ದೊಡ್ಡಪ್ಪ. ಆಮೇಲೆ ನಿಮ್ಮ ಮುಖ ಕಾಣಿಸ್ತು.” ಅವಳು ಬೂಟಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಅಪ್ಪ ಬಿದ್ದಾಗ ನಾನು ಆರು ವರ್ಷದವಳು. ಆಸ್ಪತ್ರೇಲಿ ನೀವು ಬಾಗಿಲ ಹತ್ರ ನಿಂತಿದ್ರಲ್ಲ, ಅದೇ ಮುಖ. ನಾನಿನ್ನೂ ನೆಲ ಬಿಟ್ಟೇ ಇರಲಿಲ್ಲ, ನೀವು ಆಗ್ಲೇ ಹಂಗೆ ನಿಂತಿದ್ರಿ. ಆಗ್ಲೇ ಬಿದ್ದಾಯ್ತು ಅನ್ನೋ ಥರ. ನಂಗೆ ಆಗ್ಲಿಲ್ಲ.”

ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ಬಿಸಿಲಿತ್ತು, ಕಣ್ಣು ಕಿರಿದು ಮಾಡಿದ್ದೆ ಎನ್ನಬಹುದಿತ್ತು.

“ನೀನು ಕೋಲು ಬಿಟ್ಟಾಗ ನಂಗೆ ಸಂತೋಷ ಆಯ್ತು,” ಎಂದರು.

ಕಡ್ಡಿ ಅವರತ್ತ ತಿರುಗಿದಳು. ಕೋಲಿಗೆ ಬಟ್ಟೆ ಸುತ್ತುತ್ತಿದ್ದ ತಮ್ಮನ ಕೈ ನಿಂತಿತು.

“ಗೊತ್ತು,” ಎಂದಳು ಕಡ್ಡಿ. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಜೇಬಿನಿಂದ ಫೋನು ತೆಗೆದು ದೊಡ್ಡ ಕ್ರೀಡಾಂಗಣದ ಗೆಳೆಯನಿಗೆ ಕರೆ ಮಾಡಿದರು. ಎದ್ದು ದೂರ ಹೋಗಲಿಲ್ಲ, ಅವಳ ಪಕ್ಕದಲ್ಲೇ ಕೂತು ಮಾತಾಡಿದರು.

“ಒಬ್ಬಳನ್ನ ಕಳಿಸ್ತೀನಿ. ನನ್ನ ತಮ್ಮನ ಮಗಳು. ತರಬೇತಿ ಕೇಂದ್ರ ಕೈತಪ್ಪಿತು. ನಿನ್ನ ಹತ್ರ ಇರ್ಲಿ.”

“ಕಳ್ಸು ಮಾರಾಯ. ನಾಲ್ಕು ವರ್ಷದ ಹಿಂದೇನೇ ಪಾಠ ಮುಗಿಸಿದ್ಲಂತಲ್ಲ, ಯಾಕೆ ಇಟ್ಕೊಂಡಿದ್ದೆ?”

“ಹೆದರಿಕೆಗೆ.”

ಗೆಳೆಯ ಮಾತು ಬದಲಿಸಿದ. “ಏನೇನು ಕಲ್ತಿದ್ದಾಳೆ?”

“ಎಲ್ಲಾ ಕಲ್ತಿದ್ದಾಳೆ. ನನ್ನ ಹೆದರಿಕೇನೂ ಕಲ್ತಿದ್ದಾಳೆ. ಮೊದಲು ಅದನ್ನ ಬಿಡಿಸು.”

“ಗೊತ್ತು ಬಿಡು,” ಎಂದ ಗೆಳೆಯ ಮೆತ್ತಗೆ. “ನಿನ್ನ ಇಪ್ಪತ್ತೆರಡು ಮಕ್ಕಳಿಗೂ ಮೊದಲ ತಿಂಗಳು ನಾನು ಮಾಡಿಸಿದ್ದು ಅದೇ ಕೆಲಸ. ನಿನಗೆ ಹೇಳೋಕೆ ಮನಸ್ಸಾಗ್ಲಿಲ್ಲ. ಇವಳ ಜೊತೆ ನೀನೂ ಬಾ, ನಾಲ್ಕು ದಿನ ಇದ್ದು ಹೋಗು.”

“ಬೇಡ,” ಎಂದರು ಮೇಷ್ಟ್ರು. “ನಾನಿದ್ರೆ ಅವಳು ಹಾರಲ್ಲ.”

ಫೋನು ಇಟ್ಟು ಅವರು ಸಿಮೆಂಟಿನ ಕಟ್ಟೆಯ ಮೇಲೆ ಹಾಗೇ ಕೂತರು. ಕಡ್ಡಿ ಬೂಟು ಹಾಕಿಕೊಳ್ಳುತ್ತಿದ್ದಳು. ತಮ್ಮ ಕುಂಟುತ್ತ ಬಂದು ಅಣ್ಣನ ಹೆಗಲ ಮೇಲೆ ಕೈಯಿಟ್ಟ. ಆ ಕೈಯ ಭಾರ ಮೇಷ್ಟ್ರಿಗೆ ತಿಳಿಯಿತು, ಅದರ ಬಿಸಿಯೂ ತಿಳಿಯಿತು. ಎದೆಯಲ್ಲಿ ನೋವು ಎದ್ದಿತು. ಹನ್ನೊಂದು ವರ್ಷದ ಮೇಲೆ, ಇದು ನೋವು ಎಂದು ಗುರುತು ಸಿಗುವಷ್ಟು ನೋವು. ಅವರು ತಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಅವತ್ತು ನಿನ್ನ ಕಾಲು ತಪ್ಪಿದ್ದನ್ನ ನಾನು ಕಂಡಿದ್ದೆ ಕಣೋ, ಕೂಗಲಿಲ್ಲ” ಎಂದರು.